ಊರಬಾಗಿಲಲ್ಲಿ ಹೇಳಬೇಕಾಗಿದ್ದ ಮಾತು

ಈಗಲೂ ಯಾರಾದರೂ ಮನೆಯ ಬಾಗಿಲನ್ನು ಮುಷ್ಟಿಯಿಂದ ಗುದ್ದಿದರೆ ನನ್ನ ಕಣ್ಣು ಮೊದಲು ಚಿಲಕದ ಕಡೆ ಹೋಗುತ್ತದೆ. ಹೊರಗೆ ಕೊರಿಯರ್‌ನವನೋ ಗ್ಯಾಸ್ ಸಿಲಿಂಡರ್‌ನವನೋ ಇರುತ್ತಾನೆ. ಚಿಲಕ ಸರಿಯಾಗಿ ಕೂತಿದೆ ಎಂದು ನೋಡಿಕೊಂಡ ಮೇಲೆಯೇ ಯಾರು ಎಂದು ಕೇಳುತ್ತೇನೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಯಾರೂ ಕಲ್ಲು ಹಿಡಿದುಕೊಂಡು ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಆದರೂ ಈ ಅಭ್ಯಾಸ ಹೋಗುತ್ತಿಲ್ಲ. ಅದು ಶುರುವಾದದ್ದು ಶಾಮನೂರಿನಲ್ಲಿ, ನಮ್ಮ ಇತಿಹಾಸದ ಮೇಷ್ಟ್ರ ಮನೆಯೊಳಗೆ, ಒಂದು ಸಂಜೆ.

ಮೇಷ್ಟ್ರು ತೀರಿಕೊಂಡು ಕೆಲವು ವಾರಗಳಾದವು. ಆ ಸಂಜೆಯನ್ನು ಬದಿಗಿಟ್ಟು ಅವರನ್ನಷ್ಟೇ ನೆನೆಯೋಣ ಎಂದು ಹಲವು ಸಲ ಕೂತೆ. ಆಗಲಿಲ್ಲ. ಹಾಗಾಗಿ ಅದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಊರಿನವರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ನಾನು ಬಿ.ಎ. ಓದುವಾಗ ನಮಗೆ ಪ್ರಾಚೀನ ನಾಗರಿಕತೆಗಳ ಒಂದು ಪತ್ರಿಕೆ ಇತ್ತು. ಈಜಿಪ್ಟ್, ಮೆಸೊಪೊಟೇಮಿಯಾ, ಗ್ರೀಸ್, ರೋಮ್. ನಡುವೆ ಎಲ್ಲೋ ಹೀಬ್ರೂ ಜನ, ಪಠ್ಯದಲ್ಲಿ ಒಂದೂವರೆ ಪುಟ. ಬೇರೆ ಮೇಷ್ಟ್ರುಗಳು ಅದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಬಿಡುತ್ತಿದ್ದರು. ನಮ್ಮ ಮೇಷ್ಟ್ರು ಅಲ್ಲೇ ಬಿಡಾರ ಹೂಡುತ್ತಿದ್ದರು. ಇಡೀ ರೋಮ್ ಸಾಮ್ರಾಜ್ಯ ಅವರ ಎರಡು ಕ್ಲಾಸಿನಲ್ಲಿ ಬಿದ್ದುಹೋಗುತ್ತಿತ್ತು. ಹೀಬ್ರೂಗಳು ಈಜಿಪ್ಟಿನಿಂದ ಹೊರಟು ಕಾನಾನ್ ನಾಡು ಮುಟ್ಟುವಷ್ಟರಲ್ಲಿ ದಸರಾ ರಜೆ ಬರುತ್ತಿತ್ತು. ಹಿಂದಿನ ಬೆಂಚಿನವರು ಅವರಿಗೆ ಹೀಬ್ರೂ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ಮೇಷ್ಟ್ರ ಉತ್ತರವೂ ಪ್ರತಿ ವರ್ಷ ಅದೇ. "ಬರಲ್ಲ. ಬರೋದನ್ನ ನೀವು ಗೈಡ್ ನೋಡಿ ಬರಿತೀರಿ. ಬರದೇ ಇರೋದನ್ನ ನಿಮಗೆ ಯಾರು ಹೇಳಬೇಕು?"

ಎತ್ತರದ ಆಳು, ತೆಳ್ಳಗೆ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಅದರ ಮೇಲೆ ಅರ್ಧ ತೋಳಿನ ಬಿಳಿ ಅಂಗಿ. ಸೀಮೆಸುಣ್ಣದ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ. ಮುಖ್ಯವಾದದ್ದೇನಾದರೂ ಹೇಳುವ ಮುಂಚೆ ಕನ್ನಡಕ ತೆಗೆದು ಎದುರಿಗೆ ಚಾಚಿ ಹಿಡಿಯುತ್ತಿದ್ದರು, ಮುಂದಿನ ಬೆಂಚಿನವರು ಅದನ್ನು ತೆಗೆದುಕೊಳ್ಳಲಿ ಎನ್ನುವಂತೆ. ನಮ್ಮಲ್ಲಿ ಒಬ್ಬಳು ಒಮ್ಮೆ ನಿಜವಾಗಿ ಕೈ ಚಾಚಿದ್ದಳು.

ಇದೆಲ್ಲ ಅವರಿಗೆ ಹತ್ತಿದ್ದು ಹರಿಹರದಲ್ಲಂತೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಬಸ್ಸಿಗೆ ಕಾಯುತ್ತ ರದ್ದಿ ಅಂಗಡಿಯ ಮುಂದೆ ನಿಂತಿದ್ದವರಿಗೆ ಆ ಜನರ ಧರ್ಮಗ್ರಂಥದ ಹಳೆಯ ಕನ್ನಡ ಅನುವಾದ ಕಣ್ಣಿಗೆ ಬಿತ್ತು. ತೂಕದ ಲೆಕ್ಕದಲ್ಲಿ ಕೊಂಡರು. ಹಟ್ಟಿ, ಕುರಿ, ಬಾವಿಯ ಜಗಳ, ಅಣ್ಣತಮ್ಮಂದಿರ ಹಿಸ್ಸೆಯ ಜಗಳ, ಎಲ್ಲ ನಮ್ಮೂರಿನದೇ ಇದ್ದ ಹಾಗಿದೆಯಲ್ಲ ಎನಿಸಿ ಓದಿದರಂತೆ. ಓದುತ್ತ ಹೋದ ಮೇಲೆ ನಮ್ಮೂರಿನದಲ್ಲ ಎನ್ನುವುದೂ ತಿಳಿಯಿತಂತೆ. ಈ ಎರಡನೆಯದೇ ಮುಖ್ಯ ಎನ್ನುತ್ತಿದ್ದರು. ನಾವು ಯಾರಾದರೂ ಆತುರದಿಂದ ಇದು ನಮ್ಮ ಇಂಥದ್ದರ ಹಾಗೇ ಇದೆ ಎಂದರೆ ತಡೆಯುತ್ತಿದ್ದರು. ಹೋಲಿಸುವುದು ಆಮೇಲೆ, ಮೊದಲು ಅವರು ಏನು ಹೇಳಿದರು ಅನ್ನುವುದನ್ನು ಪೂರ್ತಿ ಕೇಳಿ ಎನ್ನುತ್ತಿದ್ದರು.

ಒಮ್ಮೆ ವಾರಕ್ಕೊಂದು ದಿನದ ವಿಶ್ರಾಂತಿಯ ಕಟ್ಟಳೆ ಹೇಳುತ್ತಿದ್ದರು. ಏಳನೆಯ ದಿನ ಯಜಮಾನ ದುಡಿಯಬಾರದು, ಆಳು ದುಡಿಯಬಾರದು, ಎತ್ತೂ ದುಡಿಯಬಾರದು. ಶಾಮನೂರಿನ ಕಡೆಯ ಒಬ್ಬ ಎದ್ದು ನಿಂತು, ನಮ್ಮಲ್ಲೂ ಸೋಮವಾರ ಎತ್ತು ಹೂಡುವುದಿಲ್ಲ ಸಾರ್ ಎಂದ. ಮೇಷ್ಟ್ರಿಗೆ ಖುಷಿಯಾಯಿತು.

"ಹೌದಪ್ಪ, ನಮ್ಮನ್ಯಾಗೂ ಹೂಡಲ್ಲ. ಎತ್ತಿಗೆ ಸೋಮವಾರ ರಜೆ. ನಿಮ್ಮನೆ ಆಳಿಗೆ ಯಾವ ವಾರ?"

ಅವನು ಕೂತ. ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ನಮ್ಮ ಮನೆಯ ಆಳಿಗೂ ಇರಲಿಲ್ಲ ಎಂದು ಹೇಳಿ ಬೋರ್ಡಿಗೆ ತಿರುಗಿದರು.

ಕೊಂಡಜ್ಜಿಗೆ ಕರೆದುಕೊಂಡು ಹೋಗಿದ್ದನ್ನು ನಮ್ಮ ಬ್ಯಾಚಿನ ಯಾರೂ ಮರೆತಿಲ್ಲ. ಕೆರೆ ನೋಡಿ ಚಿತ್ರಾನ್ನ ತಿಂದು ಬರುವುದು ಎಂದುಕೊಂಡಿದ್ದೆವು. ಮೇಷ್ಟ್ರು ಲಗೇಜ್ ಆಟೋದಲ್ಲಿ ಬೊಂಬು, ಹಗ್ಗ, ಶಾಮಿಯಾನದ ಬಟ್ಟೆ ತರಿಸಿದ್ದರು. ಸ್ಕೌಟ್ಸ್ ಮೈದಾನದಲ್ಲಿ ಹೆಜ್ಜೆ ಅಳೆದು ಹೀಬ್ರೂಗಳ ದೇವರ ಗುಡಾರವನ್ನು ನಮ್ಮ ಕೈಲಿ ಕಟ್ಟಿಸಿದರು. ಹೊರಗಿನ ಅಂಗಳ, ಒಳಗಿನ ಕೋಣೆ, ಅದರೊಳಗೆ ಇನ್ನೊಂದು ಕೋಣೆ. ಬಿಸಿಲಲ್ಲಿ ಕಟ್ಟಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿರುವಾಗ, ಬಿಚ್ಚಿರಿ, ಮುಂದಿನ ಬಿಡಾರಕ್ಕೆ ಹೊರಡೋಣ ಎಂದರು. ಬಿಚ್ಚಿ, ಹೊತ್ತು, ಕೆರೆಯ ಇನ್ನೊಂದು ಮಗ್ಗುಲಿಗೆ ಹೋಗಿ ಮತ್ತೆ ಕಟ್ಟಿದೆವು. ಮತ್ತೆ ಬಿಚ್ಚಿರಿ ಎಂದರು. ಇದಕ್ಕಿಂತ ಕಾಲೇಜಿನಲ್ಲೇ ಚೆನ್ನಾಗಿತ್ತು, ಕ್ಯಾಂಟೀನಾದರೂ ಇತ್ತು ಎಂದು ಯಾರೋ ಗೊಣಗಿದರು. ಮೇಷ್ಟ್ರು ಅದಕ್ಕೇ ಕಾದಿದ್ದವರಂತೆ ಕೈ ತಟ್ಟಿದರು.

"ಇದನ್ನೇ ಅಂದ್ರು ಅವರೂ. ಗುಲಾಮಗಿರಿಯಿಂದ ಬಿಡುಗಡೆ ಆಗಿ ಬಂದೋರು, ಈಜಿಪ್ಟಿನಾಗೆ ಸೌತೆಕಾಯಿ ಸಿಗ್ತಿತ್ತು, ಈರುಳ್ಳಿ ಸಿಗ್ತಿತ್ತು ಅಂತ ಮರುಭೂಮಿಯಾಗೆ ಕುಂತು ಅತ್ರು. ಆತು, ಇವತ್ತಿನ ಪಾಠ ಮುಗೀತು. ಚಿತ್ರಾನ್ನ ತಿನ್ರಿ."

ತಿನ್ನುವಾಗ ಒಳಗಿನ ಕೋಣೆಯಲ್ಲಿ ಏನಿರುತ್ತಿತ್ತು ಎಂದು ನಾನು ಕೇಳಿದೆ. ಮೂರ್ತಿ ಇಲ್ಲ ಎಂದರು. ಒಂದು ಪೆಟ್ಟಿಗೆ, ಅದರೊಳಗೆ ಎರಡು ಕಲ್ಲಿನ ಹಲಗೆ, ಹಲಗೆಯ ಮೇಲೆ ಕಟ್ಟಳೆಗಳು. ಸುತ್ತಮುತ್ತಲಿನ ರಾಜ್ಯಗಳೆಲ್ಲ ದೊಡ್ಡ ದೊಡ್ಡ ವಿಗ್ರಹ ನಿಲ್ಲಿಸುತ್ತಿದ್ದ ಕಾಲದಲ್ಲಿ ಈ ಜನ ಕೊಟ್ಟ ಮಾತನ್ನು ಹೊತ್ತುಕೊಂಡು ತಿರುಗಿದರು. ಅವರ ದೇವರು ಅವರೊಡನೆ ಒಡಂಬಡಿಕೆ ಮಾಡಿಕೊಂಡವನು. ನೀವು ಹೀಗೆ ನಡೆದರೆ ನಾನು ಹೀಗೆ ನಡೆಯುತ್ತೇನೆ ಎಂದು ಮಾತು ಕೊಟ್ಟು, ತಾನೂ ಆ ಮಾತಿಗೆ ಕಟ್ಟುಬಿದ್ದವನು. ದೇವರನ್ನೂ ಮಾತಿಗೆ ಕಟ್ಟಿಹಾಕಿದ ಜನ ಎಂದು ಹೇಳಿ ಮೇಷ್ಟ್ರು ತಟ್ಟೆ ಕೈಗೆತ್ತಿಕೊಂಡರು. ಸ್ಟಾಫ್ ರೂಮಿನಲ್ಲಿ ಯಾರೋ, ಏನ್ ಸಾರ್, ಹರಿಹರದ ಚರ್ಚಿಗೆ ಸೇರಿಕೊಂಡಿರಾ ಎಂದು ಕೆಣಕಿದ್ದಕ್ಕೆ, ರೋಮ್ ಪಾಠ ಮಾಡುವಾಗ ನಾನೇನು ಚಕ್ರವರ್ತಿ ಆಗಿದ್ದೆನಾ ಎಂದಿದ್ದರಂತೆ.

ಆದರೆ ಅವರಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಪಾಠ ಆಶ್ರಯದ ಪಟ್ಟಣಗಳದ್ದು. ಆ ಕಾಲದಲ್ಲಿ ಕೊಲೆಯಾದರೆ ಸತ್ತವನ ಹತ್ತಿರದ ನೆಂಟ ಕೊಂದವನನ್ನು ಹುಡುಕಿ ಕೊಲ್ಲಬಹುದಿತ್ತು. ಆದರೆ ಇಬ್ಬರು ಕಾಡಿಗೆ ಸೌದೆಗೆ ಹೋಗಿದ್ದಾರೆ, ಒಬ್ಬ ಕೊಡಲಿ ಎತ್ತಿದಾಗ ಮರದ ಕಾವಿನಿಂದ ಅದರ ಅಲಗು ಕಳಚಿ ಹಾರಿ ಇನ್ನೊಬ್ಬನಿಗೆ ಬಡಿದು ಅವನು ಸಾಯುತ್ತಾನೆ. ಹಗೆ ಇರಲಿಲ್ಲ, ಬೇಕೆಂದು ಮಾಡಿದ್ದಲ್ಲ. ಅಂಥವನಿಗಾಗಿ ಯೊರ್ದನ್ ನದಿಯ ಈಚೆ ಮೂರು, ಆಚೆ ಮೂರು ಪಟ್ಟಣಗಳನ್ನು ಬಿಟ್ಟಿದ್ದರು. ಅವನು ಅಲ್ಲಿಗೆ ಓಡಬೇಕು. ಓಡಿಹೋಗಿ ಸುಮ್ಮನೆ ಒಳಗೆ ನುಗ್ಗುವಂತಿಲ್ಲ. ಊರಬಾಗಿಲಲ್ಲಿ ಹಿರಿಯರ ಮುಂದೆ ನಿಂತು ಏನು ನಡೆಯಿತೆಂದು ತನ್ನ ಬಾಯಲ್ಲಿ ಹೇಳಬೇಕು. ಆಮೇಲೆ ಅವನನ್ನು ಒಳಗೆ ಕರೆದುಕೊಂಡು ಜಾಗ ಕೊಡುತ್ತಾರೆ, ಬೆನ್ನಟ್ಟಿ ಬಂದವರ ಕೈಗೆ ಕೊಡುವುದಿಲ್ಲ.

ಇಷ್ಟು ಹೇಳಿದಾಗ ನಮ್ಮ ಕ್ಲಾಸಿನ ಒಬ್ಬಳು, ಕೊಂದವನಿಗೆ ಜಾಗ ಸಿಕ್ಕಿತು, ಸತ್ತವನ ಮನೆಯವರಿಗೆ ಏನು ಸಿಕ್ಕಿತು ಸಾರ್ ಎಂದು ಕೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ಅವಳ ಕಡೆ ಚಾಚಿದರು.

"ಮಾತು ಸಿಕ್ತು. ಏನಾತು ಅನ್ನೋದು, ಮಾಡಿದೋನ ಬಾಯಿಂದ. ಅದು ಸಣ್ಣದಲ್ಲವ್ವ. ಅದು ಸಿಗದೇ ಮನುಷ್ಯ ಒಳಗೊಳಗೇ ಕೊಳೀತಾನೆ."

ನಿವೃತ್ತರಾದ ಮೇಲೆ ಮೇಷ್ಟ್ರು ಶಾಮನೂರಿನ ತಮ್ಮ ಹಿರಿಯರ ಮನೆಯ ಅರ್ಧ ಭಾಗದಲ್ಲಿದ್ದರು. ಇನ್ನರ್ಧ ಅವರ ತಮ್ಮನದು. ನಡುವೆ ಎದೆಮಟ್ಟದ ಗೋಡೆ. ಮೇಷ್ಟ್ರ ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಮ್ಮ ಓದಿದವನಲ್ಲ, ಹೊಲ ನೋಡಿಕೊಂಡಿದ್ದ. ಅಣ್ಣ ಹೇಳುವುದು ಒಂದೂ ಅರ್ಥವಾಗುವುದಿಲ್ಲ ಎಂದು ಎಲ್ಲರ ಮುಂದೆ ನಗುತ್ತಿದ್ದ. ಆದರೆ ಊರಿನಲ್ಲಿ ಏನೇ ತಕರಾರಾದರೂ ನಮ್ಮಣ್ಣ ಹೇಳಿದ್ದೇ ಕಡೇ ಮಾತು ಎಂದು ಎದೆಯುಬ್ಬಿಸಿ ಹೇಳುವವನೂ ಅವನೇ.

ನಾನು ಆಗಲೇ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಭಾನುವಾರಗಳಂದು ಸ್ಕೂಟರ್ ಹತ್ತಿ ಹೋಗಿ ಮೇಷ್ಟ್ರ ಜಗುಲಿಯಲ್ಲಿ ಕೂರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಮ್ಮನ ಹೆಂಡತಿ ಗೋಡೆಯ ಮೇಲಿಂದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ತಟ್ಟೆ ದಾಟಿಸುತ್ತಿದ್ದರು. ನಾನಿದ್ದರೆ ತಟ್ಟೆ ಎರಡು. ಆಕೆಯ ಮಾತು ಕೇಳುವುದೇ ಒಂದು ಚಂದ.

"ಬಾವಾರೇ, ನಿಮ್ಮ ಜನ ಇವತ್ತು ಎಲ್ಲಿಗೆ ಮುಟ್ಟಿದ್ರು?"

"ಇನ್ನೂ ಮರುಭೂಮಿಯಾಗೇ ಅದಾರಮ್ಮ."

"ಹಂಗಾರೆ ಇನ್ನೆರಡು ರೊಟ್ಟಿ ಇಡ್ತೀನಿ."

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ಟಾರು ರಸ್ತೆಯೇ ಕಣ. ಅರ್ಧ ರಸ್ತೆಗೆ ಕಾಳು ಹರವಿ, ವಾಹನಗಳು ತುಳಿಯದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಇದನ್ನು ಯಾರೂ ತಪ್ಪು ಎಂದುಕೊಳ್ಳುವುದಿಲ್ಲ. ಆ ಭಾನುವಾರ ಮೇಷ್ಟ್ರ ತಮ್ಮನೂ ಮನೆಯ ಮುಂದಿನ ರಸ್ತೆಗೆ ಕಾಳು ಹರವಿದ್ದ. ಬೈಕಿನವರು ಅಂಚು ತುಳಿದುಕೊಂಡು ಹೋಗುತ್ತಿದ್ದುದಕ್ಕೆ ಬೈಯುತ್ತ, ಮಧ್ಯಾಹ್ನ ಒಂದು ದೊಡ್ಡ ಕಲ್ಲನ್ನು ಉರುಳಿಸಿ ರಸ್ತೆಯ ನಡುವಿಗೆ ಸರಿಸಿದ. ಜಗುಲಿಯಲ್ಲಿ ಕೂತಿದ್ದ ನಾನೂ ಮೇಷ್ಟ್ರೂ ಅದನ್ನು ನೋಡಿದೆವು. ಅದು ಸರಿಯಲ್ಲ ಕಣೋ ಎಂದು ಮೇಷ್ಟ್ರು ಕೂಗಿದರು. ಸಂಜೆ ಕಾಳು ತುಂಬುವಾಗ ತೆಗೀತೀನಿ ಬಿಡಣ್ಣ ಎಂದು ಅವನು ಒಳಗೆ ಹೋದ.

ಸಂಜೆ ತಮ್ಮನ ಹೆಂಡತಿ ಬಗ್ಗಿ ಕಾಳನ್ನು ಗುಡ್ಡೆ ಮಾಡುತ್ತಿದ್ದರು. ಮೇಷ್ಟ್ರು ನಮ್ಮಿಬ್ಬರಿಗೂ ಚಹಾ ಮಾಡಲು ಎದ್ದಿದ್ದರು, ನಾನೂ ಅವರ ಹಿಂದೆ ಒಳಗೆ ಹೋಗಿದ್ದೆ. ಮೊದಲು ಬ್ರೇಕಿನ ಸದ್ದು ಬಂತು, ಆಮೇಲೆ ತುಂಬಿದ ಚೀಲ ಬಿದ್ದಂಥ ಸದ್ದು. ನಾವು ಹೊರಗೆ ಬಂದಾಗ ಮಂಡಕ್ಕಿ ಚೀಲ ಹೇರಿಕೊಂಡ ಒಂದು ಲಗೇಜ್ ಆಟೋ ಮೋರಿಯ ಕಟ್ಟೆಗೆ ಒರಗಿ ಬಿದ್ದಿತ್ತು. ಹಳದಿ ಕಾಳಿನ ಮೇಲೆಲ್ಲ ಬಿಳಿ ಮಂಡಕ್ಕಿ ಚೆಲ್ಲಿತ್ತು. ಕಟ್ಟೆಯ ಬುಡದಲ್ಲಿ ಆಕೆ ಬಿದ್ದಿದ್ದರು. ಅಲುಗುತ್ತಿರಲಿಲ್ಲ. ನಾನು ಇಳಿಯುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಓಡಿಬಂದು ಆಕೆಯನ್ನು ಎತ್ತಿ ಯಾರದೋ ಕಾರಿಗೆ ಹಾಕಿದರು. ಡ್ರೈವರ್ ನಲವತ್ತರ ಆಸುಪಾಸಿನ ಹರಿಹರದವನು, ತಲೆಯ ತುಂಬ ಮಂಡಕ್ಕಿ. ಗಂಡಸರು ಊರ ಕಟ್ಟೆಯಿಂದ ಎದ್ದು ಬರುತ್ತಿರುವುದನ್ನು ಕಂಡು ಅವನು ತೆರೆದ ಬಾಗಿಲು ಯಾವುದಿದೆಯೋ ಅದಕ್ಕೆ ಓಡಿಬಂದ. ಅದು ಮೇಷ್ಟ್ರ ಬಾಗಿಲು.

ಮೇಷ್ಟ್ರು ಅವನನ್ನು ಒಳಗೆ ಬಿಟ್ಟುಕೊಂಡರು. ನನ್ನ ತೋಳು ಹಿಡಿದು ಒಳಗೆ ಎಳೆದರು. ಚಿಲಕ ಹಾಕಿದರು.

ಇಲ್ಲಿಂದ ಮುಂದಿನದು ನನಗೆ ಹಗಲು ಹೊತ್ತಿನಲ್ಲೂ ಬರುತ್ತದೆ, ಬೋರ್ಡಿನ ಮೇಲೆ ಬರೆಯುತ್ತಿರುವಾಗಲೂ ಬರುತ್ತದೆ. ಹಿತ್ತಿಲ ಬಾಗಿಲಿನ ಅಗುಳಿ ಸಡಿಲವಾಗಿತ್ತು. ಮೇಷ್ಟ್ರು ಕಣ್ಣಲ್ಲೇ ತೋರಿಸಿದರು, ನಾನು ಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದಲೂ ಒದೆಯತೊಡಗಿದರು. ಒಂದೊಂದು ಒದೆಗೂ ಹಲಗೆ ನನ್ನ ಬೆನ್ನುಮೂಳೆಗೆ ಬಡಿಯುತ್ತಿತ್ತು. ಕಿಟಕಿಯ ಗಾಜು ಒಡೆಯಿತು, ಒಂದು ಕಲ್ಲು ಒಲೆಯ ಪಕ್ಕಕ್ಕೆ ಬಂದು ಬಿತ್ತು. ಚಹಾ ಉಕ್ಕಿ ಒಲೆ ಆರಿತ್ತು. ಹೋಗಿ ಗ್ಯಾಸ್ ಬಂದ್ ಮಾಡಬೇಕು ಎಂದು ಯೋಚಿಸುತ್ತಿದ್ದೆ. ಡ್ರೈವರ್ ಅಡುಗೆಮನೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಂಬಾಗಿಲ ಆಚೆಯಿಂದ ಕೇಳಿದ್ದು ತಮ್ಮನ ದನಿ. ಹೆಂಡತಿ ಆಸ್ಪತ್ರೆಯ ದಾರಿಯಲ್ಲೇ ಪ್ರಾಣಬಿಟ್ಟ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು.

"ಅ‌ಣ್ಣ, ಬಾಗಿಲು ತೆಗಿ."

"ತೆಗೆಯಲ್ಲಪ್ಪ."

"ನಿನಗೆ ದಿನಾ ರೊಟ್ಟಿ ಕೊಟ್ಟಾಕೆ ಆಕೆ. ಆಕೇನ ಕೊಂದೋನ್ನ ಒಳಗಿಟ್ಕಂಡೀಯಲ್ಲ."

ಮೇಷ್ಟ್ರು ಬಾಗಿಲ ಮೇಲೆ ಅಂಗೈ ಊರಿ ನಿಂತಿದ್ದರು.

"ಗೊತ್ತೈತೆ. ಈಗ ತೆಗೆದ್ರೆ ನೀನು ಇವನ್ನ ಬಿಡಲ್ಲ, ನಾಳೆ ಜೈಲಿನಾಗೆ ಕುಂತಿರ್ತಿ. ಕೇಳೋ ಇಲ್ಲಿ. ಇವನು ನಿನ್ನ ಮುಂದೆ ನಿಂತು, ಊರೋರ ಮುಂದೆ ನಿಂತು, ಏನಾತು ಅನ್ನೋದನ್ನ ಮೊದಲಿಂದ ಹೇಳ್ತಾನೆ. ನಾನು ಹೇಳಿಸ್ತೀನಿ. ಇದು ನನ್ನ ಮಾತು."

ಹೊರಗೆ ಗಲಾಟೆ ಸ್ವಲ್ಪ ತಗ್ಗಿತು. ಮೇಷ್ಟ್ರ ಮಾತು ಎಂದರೆ ಆ ಊರಿನಲ್ಲಿ ಅಷ್ಟು ತೂಕ ಇತ್ತು. ಯಾರೋ ಪೊಲೀಸರಿಗೂ ಹೇಳಿದ್ದರು. ಅವರು ಬರುವವರೆಗಿನ ಆ ಹೊತ್ತಿನಲ್ಲಿ ಮೇಷ್ಟ್ರು ಅಡುಗೆಮನೆಗೆ ಬಂದು ಡ್ರೈವರ್ ಎದುರು ಕೂತು, ಏನಾಯಿತಪ್ಪ ಎಂದು ಕೇಳಿದರು. ಹೇಳಿಸುತ್ತೇನೆಂದು ಕೊಟ್ಟ ಮಾತಿನೊಳಗೆ ಏನಿದೆ ಎಂದು ಅವರು ಆಗ ಮೊದಲ ಸಲ ತಿಳಿದುಕೊಂಡರು.

"ರೋಡಿನ ನಡುವೆ ಕಲ್ಲಿತ್ರಿ ಮೇಷ್ಟ್ರೇ. ಬಿಸಿಲು ಕಣ್ಣಿಗೆ ಹೊಡೀತಿತ್ತು, ಹತ್ರ ಬರೋತನಕ ಕಾಣ್ಲಿಲ್ಲ. ತಪ್ಪಿಸಾಕೆ ಹೋದೆ. ಗಾಲಿ ಕಾಳಿನ ಮ್ಯಾಲೆ ಜಾರ್ತು. ಬ್ರೇಕು ಹತ್ತಲೇ ಇಲ್ರಿ."

ಮೇಷ್ಟ್ರು ಕನ್ನಡಕ ತೆಗೆದರು. ಯಾರ ಕಡೆಗೂ ಚಾಚಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಹಿತ್ತಿಲ ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಮುಖ ನೋಡಿದರು. ಈ ಮಾತು ಈಗ ಬೇಡ ಎಂದರು. ಅವನಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ, ನಾವಿಬ್ಬರೂ ತಲೆ ಆಡಿಸಿದೆವು. ಪೊಲೀಸರು ಬಂದು ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಗೆದ್ದಂತೆ ಅನಿಸಿತ್ತು ನನಗೆ ಆಗ. ಒಂದು ಜೀವ ಉಳಿಯಿತಲ್ಲ.

ಮಣ್ಣಿನ ದಿನ ತಮ್ಮ ಎಲ್ಲರ ಮುಂದೆ ಅಣ್ಣನಿಗೆ ಒಂದೇ ಮಾತು ಕೇಳಿದ, ಯಾವಾಗ ಹೇಳಿಸ್ತೀ ಎಂದು. ಮೇಷ್ಟ್ರು ಜಾಮೀನು ಆಗಲಿ ಎಂದರು. ಜಾಮೀನಾಯಿತು. ತಮ್ಮ ಮತ್ತೆ ಕೇಳಿದ. ಡ್ರೈವರ್‌ನ ವಕೀಲರು ಬಾಯಿ ಬಿಡಬೇಡ, ಬಿಟ್ಟರೆ ಅದೇ ಒಪ್ಪಿಗೆ ಆಗುತ್ತದೆ ಎಂದಿದ್ದಾರಂತೆ ಎಂದು ಮೇಷ್ಟ್ರು ಹೇಳಿದರು. ಅದಾದ ಮೇಲೆ ತಮ್ಮ ಕೇಳಲಿಲ್ಲ. ಮಾತೂ ಆಡಲಿಲ್ಲ. ಕಟ್ಟೆಯ ಮೇಲೆ ಕೂತವರು ಮಾತ್ರ ಆಡುತ್ತಿದ್ದರು. ಮೇಷ್ಟ್ರು ಬಸ್ಸಿಗೆ ಹೋಗುವಾಗ ಅವರಿಗೆ ಕೇಳುವ ಹಾಗೆ, ಸಾಕ್ಷಿ ಕರ್ಕಂಡು ಬರೋಕೆ ಹೊಂಟಾರೆ ನೋಡ್ರಿ, ದಾರಿ ಬಿಡ್ರಿ ಎನ್ನುತ್ತಿದ್ದರು.

ಹೊರಡುವುದಂತೂ ನಿಜ. ತಿಂಗಳಿಗೊಂದು ಸಲವಾದರೂ ಮೇಷ್ಟ್ರು ಹರಿಹರಕ್ಕೆ ಹೋಗಿ ಆ ಡ್ರೈವರನ್ನು ಕಾಣುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋದೆ. ನನ್ನನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿ, ಒಬ್ಬರೇ ಹೊಳೆಯ ಕಡೆಯ ಓಣಿಗೆ ನಡೆದರು. ಬರುವಾಗ ಮುಖ ಬಾಡಿತ್ತು. ಒಪ್ಪಿದನಾ ಸಾರ್ ಎಂದೆ. ಇನ್ನೂ ಇಲ್ಲವ್ವ ಎಂದರು. ಬಸ್ಸಿನಲ್ಲಿ ತುಂಗಭದ್ರೆಯ ಸೇತುವೆಯ ಕಡೆ ನೋಡುತ್ತ, ತಾವಾಗಿಯೇ ಹೇಳಿದರು.

"ಅವರ ಕಟ್ಟಳೆಯಾಗೆ ಮೊದಲು ಮಾತು, ಆಮೇಲೆ ಒಳಗೆ. ನಾನು ಮೊದಲು ಒಳಗೆ ಬಿಟ್ಕಂಡೆ, ಮಾತನ್ನ ಮುಂದಕ್ಕೆ ಹಾಕಿದೆ. ಮೂವತ್ತು ವರ್ಷ ಪಾಠ ಮಾಡಿದೋನು ನಾನು."

ಬೇರೆ ದಾರಿ ಇರಲಿಲ್ಲ ಸಾರ್, ಅಷ್ಟು ಹೊತ್ತು ಯಾರು ಕೊಡುತ್ತಿದ್ದರು ಎಂದೆ.

ಆಮೇಲೆ ಅವರು ಹೀಬ್ರೂಗಳ ಮಾತೆತ್ತುವುದನ್ನೇ ಬಿಟ್ಟರು. ನಾನು ಬೇಕೆಂದೇ ಕೆದಕುತ್ತಿದ್ದೆ. ಬಾಬಿಲೋನಿಗೆ ಸೆರೆ ಹೋದಾಗ, ದೇವಾಲಯವೇ ಇಲ್ಲದೆ, ಊರೇ ಇಲ್ಲದೆ ಆ ಜನ ತಮ್ಮ ದೇವರನ್ನು ಹೇಗೆ ಇಟ್ಟುಕೊಂಡರು ಎಂದು ಕೇಳಿದೆ. ಅವರು ಒಂದು ಕಾಲದಲ್ಲಿ ಇಡೀ ಮಧ್ಯಾಹ್ನ ಹೇಳಬಹುದಾಗಿದ್ದ ವಿಷಯ. ಇಟ್ಟುಕೊಂಡರು ಬಿಡವ್ವ ಎಂದು ಎದ್ದು ಹೋಗಿ ಅನ್ನಕ್ಕೆ ಇಟ್ಟರು. ರೊಟ್ಟಿ ತಟ್ಟಲು ಅವರಿಗೆ ಬರುತ್ತಿರಲಿಲ್ಲ. ಗೋಡೆಯ ಆಚೆ ತಮ್ಮನೂ ಅನ್ನಕ್ಕೇ ಇಡುತ್ತಿದ್ದ ಎಂದು ಕಾಣುತ್ತದೆ. ಎರಡೂ ಕಡೆಯ ಕುಕ್ಕರ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೂಗುತ್ತಿದ್ದವು.

ಕಲ್ಲಿನ ಮಾತನ್ನು ನಾವು ಒಮ್ಮೆ ಮಾತ್ರ ಆಡಿದೆವು. ತನ್ನ ಕಲ್ಲಿನಿಂದಲೇ ಹೀಗಾಯಿತು ಎಂದು ತಮ್ಮನಿಗೆ ಗೊತ್ತಾದರೆ ಉಳಿಯುತ್ತಾನಾ ಎಂದು ಅವರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ನನಗೂ ಗೊತ್ತಿಲ್ಲ ಎಂದರು.

ಹತ್ತಿರ ಹತ್ತಿರ ಎರಡು ವರ್ಷಕ್ಕೆ ಕೇಸು ಮುಗಿಯಿತು. ಸಾಕ್ಷ್ಯ ಸಾಲದೆಂದು ಡ್ರೈವರನ್ನು ಬಿಟ್ಟರು. ಇನ್ನು ವಕೀಲರ ಅಡ್ಡಿ ಇಲ್ಲ, ಈಗ ಬಂದೇ ಬರುತ್ತಾನೆ ಎಂದು ನಾನು ಕಾದೆ. ಬರಲಿಲ್ಲ. ಆ ವಾರ ಮೇಷ್ಟ್ರು ಮತ್ತೆ ಹರಿಹರಕ್ಕೆ ಹೋಗಿಬಂದರು. ಊರಿನಲ್ಲಿ ಮೇಷ್ಟ್ರು ದುಡ್ಡು ತಿಂದಿದ್ದಾರೆ ಎಂಬ ಮಾತೂ ಹುಟ್ಟಿತು. ಅದನ್ನು ಅವರಿಗೆ ಹೇಳಬಾರದು ಎಂದುಕೊಂಡು ಹೋದರೆ, ಅವರೇ ನನಗೆ ಅದನ್ನು ಹೇಳಿ ನಕ್ಕರು. ಅಂಥ ನಗು ನಾನು ಅವರಲ್ಲಿ ಅದಕ್ಕೆ ಮುಂಚೆ ನೋಡಿರಲಿಲ್ಲ.

ಚಳಿಗಾಲದಲ್ಲಿ ಮೇಷ್ಟ್ರಿಗೆ ಎದೆನೋವು ಬಂತು, ಆಸ್ಪತ್ರೆಯಲ್ಲಿ ಒಂದು ದಿನವೂ ಪೂರ್ತಿ ಇರಲಿಲ್ಲ. ತಮ್ಮನೇ ಮುಂದೆ ನಿಂತು ಎಲ್ಲ ಮಾಡಿದ. ಹೊಲದಲ್ಲಿ ಗುಂಡಿ ತೆಗೆಸಿ, ಅಣ್ಣನನ್ನು ಕೂರಿಸಿ, ವಿಭೂತಿ ಇಟ್ಟು, ಕೈಗೆ ಲಿಂಗ ಕೊಟ್ಟ. ಅವನ ಕಣ್ಣಿನಲ್ಲಿ ನೀರು ಬರಲಿಲ್ಲ. ಸುತ್ತ ನಿಂತವರು ಅದನ್ನೂ ಗಮನಿಸಿ ಮಾತಾಡಿಕೊಂಡರು.

ಶಿವಗಣಾರಾಧನೆಗೆ ನಾನು ಹೋಗಿದ್ದೆ. ಪಂಕ್ತಿಗಳು ಮುಗಿದು ಜನ ಚೆದುರಿದ ಮೇಲೆ ತಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ಹೊರಡುತ್ತೇನೆಂದು ಹೇಳಲು ನಾನು ಅವನ ಬಳಿ ನಿಂತಿದ್ದೆ. ಆಗ ರಸ್ತೆಯಿಂದ ಒಬ್ಬ ಮೆಟ್ಟು ಬಿಟ್ಟು ಅಂಗಳಕ್ಕೆ ಬಂದ. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಆದರೂ ನಾನು ಗುರುತು ಹಿಡಿದೆ. ತಮ್ಮನೂ ಹಿಡಿದ. ನನ್ನ ಬೆನ್ನು ತಾನಾಗಿಯೇ ಗೋಡೆಗೆ ಒತ್ತಿಕೊಂಡಿತು.

"ಈಗ ಬಂದ್ಯಾ," ಎಂದ ತಮ್ಮ. ದನಿ ಏರಿಸಲಿಲ್ಲ. "ಕರೆದೋನು ಹೋದ ಮ್ಯಾಲೆ."

ಡ್ರೈವರ್ ಅಂಗಳದ ನಡುವೆಯೇ ನಿಂತ.

"ಅವ್ರು ಕರೀಲಿಲ್ರಿ," ಎಂದ.

"ತಿಂಗಳಿಗೊಂದು ಸಲ ಬರ್ತಿದ್ದ ನಿನ್ನ ಹತ್ರ."

"ಬರೋರು. ಬಂದು, ಶಾಮನೂರಿಗೆ ಹೋಗಬ್ಯಾಡ ಅನ್ನೋರು. ವಕೀಲರು ಬ್ಯಾಡ ಅಂದಿದ್ದು ಖರೆ, ಆದ್ರೂ ನಾನು ಎರಡು ಸಲ ಹೊಂಟಿದ್ದೆ. ಆ ಅಮ್ಮನ ಮುಖ ಕಣ್ಣಾಗೆ ಬರ್ತಿತ್ರಿ, ಮನ್ಯಾಗೆ ಕುಂತ್ರೆ ನಿದ್ದಿ ಇಲ್ಲ. ಕೇಸು ಬಿಟ್ಟ ಮ್ಯಾಲಂತೂ ಬಂದೇಬಿಡ್ತೀನಿ ಅಂದೆ. ಮೇಷ್ಟ್ರು ನನ್ನ ಎರಡೂ ಕೈ ಹಿಡ್ಕಂಡ್ರು. ನನ್ನ ಮಾತು ಹೋದ್ರೆ ಹೋಗ್ಲಿ, ನನ್ನ ತಮ್ಮನ ಮುಂದೆ ಮಾತ್ರ ನಿಲ್ಲಬ್ಯಾಡ ಅಂದ್ರು. ಅವ್ರು ಇರೋತನಕ ಮಾತು ಮೀರಬಾರ್ದು ಅಂತ ಸುಮ್ನಿದ್ದೆ."

"ಯಾಕ?"

ಡ್ರೈವರ್ ನನ್ನ ಕಡೆ ನೋಡಿದ, ಅಕ್ಕೋರೇ ನೀವಾದರೂ ಹೇಳಿ ಎನ್ನುವ ಹಾಗೆ. ಅಷ್ಟೂ ದಿನ ಹರಿಹರದ ಬಸ್ಸು ಹತ್ತುತ್ತಿದ್ದ ಮೇಷ್ಟ್ರು, ಕಟ್ಟೆಯವರ ಮಾತು ಕೇಳಿಸಿಕೊಂಡು ತಲೆ ಬಗ್ಗಿಸಿ ಹೋಗುತ್ತಿದ್ದ ಮೇಷ್ಟ್ರು, ಆ ಮನುಷ್ಯನನ್ನು ಬರದಂತೆ ತಡೆಯಲು ಹೋಗುತ್ತಿದ್ದರು ಎನ್ನುವುದು ನನಗೂ ಆಗಷ್ಟೇ ಗೊತ್ತಾಗಿತ್ತು.

ತಮ್ಮ ರಸ್ತೆಯ ಕಡೆ ತಿರುಗಿದ.

"ಕಲ್ಲಿನ ಸಲುವಾಗಿ," ಎಂದ. "ಅದನ್ನ ನಾನೇ ಸರಿಸಿದ್ದು ನಂಗೆ ಗೊತ್ತಿಲ್ಲಾ? ಅವತ್ತು ಪೊಲೀಸ್ ಜೀಪು ಹೋದ ಮ್ಯಾಲೆ, ಆಕೆ ಹೆಣ ಇನ್ನೂ ಆಸ್ಪತ್ರ್ಯಾಗೆ ಇದ್ದಾಗ್ಲೇ, ಅದನ್ನ ಎತ್ತಿ ಹಾಳುಬಾವಿಗೆ ಹಾಕಿದೋನು ನಾನು. ಆ ಕಲ್ಲು ಒಬ್ಬನೇ ಎತ್ತೋ ಕಲ್ಲಲ್ಲ. ಹೆಂಗೆ ಎತ್ತಿದೆನೋ ಗೊತ್ತಿಲ್ಲ."

ನಡುವಿನ ಗೋಡೆಯ ಕಡೆ ಕೈ ಮಾಡಿ ಅವನೇ ಮುಂದುವರಿಸಿದ.

"ಎರಡು ವರ್ಷ ಗೋಡೆ ಈಚೆ ಕುಂತು ಕಾದೆ. ನಾನಾಗೇ ಹೇಳಾಕೆ ಬಾಯಿ ಬರ್ಲಿಲ್ಲ. ಯಾರಾದ್ರೂ ಬಂದು ನನ್ನ ಮುಂದೆ ಅಂದುಬಿಟ್ರೆ ಸಾಕು ಅನ್ಕಂಡಿದ್ದೆ. ಅಣ್ಣಗೆ ಗೊತ್ತೈತೆ ಅಂತ ನಂಗೆ ಗೊತ್ತಿತ್ತು. ಕಲ್ಲು ಸರಿಸುವಾಗ ನೋಡಿದ್ದನಲ್ಲ ಅವನು. ಒಂದು ದಿನ, ಒಂದೇ ಒಂದು ದಿನ, ಈ ಗೋಡೆ ಮ್ಯಾಲಿಂದ ಬಗ್ಗಿ, ಹೌದಪ್ಪ ಕಲ್ಲಿತ್ತು ಅಂದಿದ್ರೆ ನಾನು ಅತ್ತುಬಿಡ್ತಿದ್ದೆ. ಆಮ್ಯಾಲೆ ಇಬ್ರೂ ಉಣ್ತಿದ್ವಿ."

ಮೇಷ್ಟ್ರು ಮಾಡಿದ್ದು ತಪ್ಪು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ತಮ್ಮನನ್ನು ಉಳಿಸಿಕೊಳ್ಳಲು ಅವರು ತಮ್ಮ ಹತ್ತಿರ ಇದ್ದ ಒಂದೇ ಆಸ್ತಿಯನ್ನು, ಮಾತಿಗೆ ತಪ್ಪದವನು ಎಂಬ ಹೆಸರನ್ನು, ಕೊಟ್ಟುಬಿಟ್ಟರು. ಆದರೆ ಅಷ್ಟು ವರ್ಷ ನಮಗೆಲ್ಲ ಹೇಳಿಕೊಟ್ಟದ್ದನ್ನು, ಕಹಿಯಾದರೂ ಮಾತು ಸಿಗಬೇಕು ಎನ್ನುವುದನ್ನು, ಅವರು ತಮ್ಮನ ವಿಷಯದಲ್ಲಿ ಮಾತ್ರ ನಂಬಲಿಲ್ಲ. ಕಷ್ಟಕ್ಕೆ ಒಗ್ಗಿದ, ಓದು ಬಾರದ ಆ ತಮ್ಮ ಅದನ್ನು ತಾಳಿಕೊಳ್ಳುತ್ತಿದ್ದ. ಅದಕ್ಕಾಗಿಯೇ ಕಾದಿದ್ದ. ಎದೆಮಟ್ಟದ ಗೋಡೆಯ ಎರಡು ಕಡೆ ಇಬ್ಬರೂ ಒಂದೇ ಕಲ್ಲಿನ ಮಾತನ್ನು ಇನ್ನೊಬ್ಬನ ಮುಂದೆ ಎತ್ತದೆ ಅಷ್ಟು ದಿನ ಅನ್ನ ಉಂಡರು.

ತಮ್ಮ ಟವೆಲಿನಿಂದ ಮುಖ ಒರೆಸಿಕೊಂಡ. ಜಗುಲಿಯ ಮೇಲೆ ತನ್ನ ಪಕ್ಕದ ಜಾಗವನ್ನು ಕೈಯಲ್ಲಿ ಸವರಿ ಡ್ರೈವರ್‌ಗೆ ತೋರಿಸಿದ.

"ಕೂಡು. ಅವತ್ತು ಏನಾತು, ಮೊದಲಿಂದ ಹೇಳು. ಏನೂ ಬಿಡಬ್ಯಾಡ."

ಡ್ರೈವರ್ ಜಗುಲಿಯ ಮೇಲೆ ಕೂರಲಿಲ್ಲ. ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತ. ಬೆಳಿಗ್ಗೆ ದಾವಣಗೆರೆಯ ಭಟ್ಟಿಯಲ್ಲಿ ಮಂಡಕ್ಕಿ ಚೀಲ ಹೇರಿದ್ದರಿಂದ ಶುರುಮಾಡಿದ. ತಮ್ಮ ಕಣ್ಣು ಮುಚ್ಚಿಕೊಂಡು ಕೇಳಿದ, ನಡುನಡುವೆ ಹೂಂ ಎನ್ನುತ್ತ. ಕಲ್ಲು ಬಂದಾಗಲೂ ಹೂಂ ಎಂದ.